ಏಳನೇ ಪುಟದಿಂದ ಹೆಕ್ಕಿದ ಸುದ್ದಿ

ಮಂಗಳೂರಿನ ಹಂಪನಕಟ್ಟೆಯಲ್ಲಿ ಪೇಪರ್ ಏಜೆಂಟ್ ಚೆನ್ನಪ್ಪನವರ ದಿನ ಬೆಳಿಗ್ಗೆ ನಾಲ್ಕಕ್ಕೆ ಶುರುವಾಗಿ ಏಳಕ್ಕೆ ಒಂದು ಹಂತಕ್ಕೆ ಬರುತ್ತದೆ. ಅಷ್ಟರಲ್ಲಿ ಹನ್ನೊಂದು ಲೈನಿಗೂ ಮನೆಮನೆಗೆ ಹಂಚುವ ಪತ್ರಿಕೆಗಳು ಹೋಗಿರುತ್ತವೆ. ಆಮೇಲೆ ಅವರು ತಮ್ಮ ಅಂಗಡಿಯ ಎದುರಿನ ಹೋಟೆಲಿಗೆ ಹೋಗಿ ಗೋಡೆಗೆ ಬೆನ್ನು ಕೊಟ್ಟು ಕೂತು, ಬನ್ಸ್ ತಿಂದು ಚಾ ಕುಡಿಯುತ್ತ ‘ತೀರ ಟೀವಿ’ ಎಂಬ ಊರಿನ ಕೇಬಲ್ ವಾಹಿನಿ ನೋಡುತ್ತಾರೆ. ಏಳಕ್ಕೆ ಅದರಲ್ಲಿ ‘ಪೇಪರಲ್ಲಿ ಎಂತ ಉಂಟು?’ ಎಂಬ ಕಾರ್ಯಕ್ರಮ. ನಿರೀಕ್ಷಾ ಎಂಬ ಯುವತಿ ಅರ್ಧ ಗಂಟೆಯಲ್ಲಿ ಆರು ಪತ್ರಿಕೆಗಳ ಮುಖ್ಯ ಸುದ್ದಿಗಳನ್ನು ಓದಿ ಹೇಳುತ್ತಾಳೆ. ಪತ್ರಿಕೆಯನ್ನು ಪರದೆಯ ಮೇಲೆ ತೋರಿಸುವುದಿಲ್ಲ. ಅವಳು ಓದಿದ ತಲೆಬರಹ ಕೆಳಗೆ ಕೆಂಪು ಪಟ್ಟಿಯಲ್ಲಿ ಮೂಡುತ್ತದೆ.

ಮೇ ತಿಂಗಳ ಒಂದು ಮಂಗಳವಾರ ಆ ಪಟ್ಟಿಯಲ್ಲಿ ‘ಪಡುಕಡಲು’ ಪತ್ರಿಕೆಯ ಹೆಸರಿನ ಮುಂದೆ ಉತ್ತರದ ಜಿಲ್ಲೆಯೊಂದರ ಕಾಲುವೆ ಕಾಮಗಾರಿಯ ಸುದ್ದಿ ಬಂತು. ಚೆನ್ನಪ್ಪ ಬನ್ಸ್ ಮುರಿಯುವುದನ್ನು ನಿಲ್ಲಿಸಿದರು. ಅವರ ತೊಡೆಯ ಮೇಲಿದ್ದ ‘ಪಡುಕಡಲಿ’ನ ಮುಖಪುಟದಲ್ಲಿ ಕಾಲುವೆಯೇ ಇರಲಿಲ್ಲ. ಅಲ್ಲಿ ಐದು ಕಾಲಂ ಅಗಲಕ್ಕೆ ಇದ್ದದ್ದು ಹೊಳೆಯಾಚೆಯ ತೊಕ್ಕೊಟ್ಟಿನ ಹಳೆ ಮಾರುಕಟ್ಟೆಯ ಸುದ್ದಿ. ನಲವತ್ತೆರಡು ಅಂಗಡಿಗಳನ್ನು ಎಬ್ಬಿಸಿ ಅಲ್ಲಿ ಖಾಸಗಿ ವಾಣಿಜ್ಯ ಸಂಕೀರ್ಣ ಕಟ್ಟುವವರು ಒಂದು ಪಕ್ಷದ ಮುಖಂಡರ ಭಾವ ಎಂದು ಪತ್ರಿಕೆ ಹೆಸರು ಹಾಕಿ ಬರೆದಿತ್ತು. ಚೆನ್ನಪ್ಪ ಒಂದೊಂದೇ ಪುಟ ತಿರುವುತ್ತ ಹೋದರು. ಕಾಲುವೆ ಸಿಕ್ಕಿತು. ಏಳನೇ ಪುಟದಲ್ಲಿ, ಕೆಳಗೆ, ಒಂದು ಔಷಧಿ ಜಾಹೀರಾತಿನ ಪಕ್ಕ.

ಮುಖಪುಟ ಬಿಟ್ಟು ಏಳನೇ ಪುಟದಿಂದ ಸುದ್ದಿ ಹೆಕ್ಕುವುದೆಂದರೆ ಅದು ಕೈ ತಪ್ಪಿ ಆಗುವ ಕೆಲಸವಲ್ಲ ಎಂದು ಅವರಿಗೆ ಅನಿಸಿತು. ಹಾಗೆ ಅನಿಸಲು ಕಾರಣವೂ ಇತ್ತು. ಎರಡು ತಿಂಗಳ ಹಿಂದೆ ‘ತೀರ ಟೀವಿ’ಗೆ ಹೊಸ ಪಾಲುದಾರರೊಬ್ಬರು ಬಂದಿದ್ದರು. ಅವರು ಅದೇ ಪಕ್ಷದ ಸಭೆಗಳಲ್ಲಿ ವೇದಿಕೆಯ ಮೇಲೆ, ಎರಡನೇ ಸಾಲಿನಲ್ಲಿ ಕೂರುವವರು.

ಚೆನ್ನಪ್ಪ ಕುಲಶೇಖರದವರು. ಅಪ್ಪ ಗದ್ದೆ ಬಿಟ್ಟು ಹಂಚಿನ ಕಾರ್ಖಾನೆಗೆ ಸೇರಿದ್ದರು. ಆ ಕಾರ್ಖಾನೆ ಮುಚ್ಚಿದ ವರ್ಷ ಚೆನ್ನಪ್ಪ ಸೈಕಲಿನಲ್ಲಿ ಪೇಪರ್ ಹಾಕಲು ತೊಡಗಿದರು. ಈಗ ಅರವತ್ತೊಂದು. ಪತ್ರಿಕೆಯ ಕಟ್ಟನ್ನು ಕೈಯಲ್ಲಿ ಎತ್ತಿ ಎರಡು ಪ್ರತಿ ಕಡಿಮೆ ಇದೆ ಎಂದರೆ ಎಣಿಸಿ ನೋಡುವ ಅಗತ್ಯವಿಲ್ಲ. ಯಾವ ಮನೆಯವರು ಯಾವ ಪತ್ರಿಕೆ ಬಿಟ್ಟು ಯಾವುದಕ್ಕೆ ಹೋದರು, ಯಾವ ಚುನಾವಣೆಯ ನಂತರ ಹೋದರು ಎಂಬುದೂ ಗೊತ್ತು. ಯಾವ ಪತ್ರಿಕೆ ಯಾರ ಕಡೆ ಎಂದು ಕೇಳಿದರೆ ಮಾತ್ರ ಅವರು ನಗುತ್ತಿದ್ದರು. “ನನಗೆ ಎಲ್ಲವೂ ಒಂದೇ ಮಾರಾಯ್ರೆ. ಮಡಚಿದರೆ ಎಲ್ಲದಕ್ಕೂ ನಾಲ್ಕೇ ಮೂಲೆ.”

ಆ ಮಂಗಳವಾರದ ನಂತರ ಅವರು ಹಾಗೆ ಹೇಳಲಿಲ್ಲ. ಇನ್ನೂರು ಪುಟದ ಒಂದು ನೋಟ್‌ಬುಕ್ ತೆಗೆದುಕೊಂಡು ಗೆರೆ ಎಳೆದರು. ತಾರೀಕು, ‘ಪಡುಕಡಲು’ ಮುಖಪುಟದಲ್ಲಿ ಇದ್ದದ್ದು, ಟೀವಿಯಲ್ಲಿ ಓದಿದ್ದು, ಅದು ಸಿಕ್ಕಿದ ಪುಟ. ಇಪ್ಪತ್ತಮೂರು ದಿನ ಬರೆದರು. ಅದರಲ್ಲಿ ಒಂಬತ್ತು ದಿನ ತೊಕ್ಕೊಟ್ಟಿನ ಸುದ್ದಿ ಮುಖಪುಟದಲ್ಲಿತ್ತು. ಒಂಬತ್ತರಲ್ಲಿ ಒಂದನ್ನೂ ನಿರೀಕ್ಷಾ ಓದಿರಲಿಲ್ಲ. ಉಳಿದ ಐದು ಪತ್ರಿಕೆಗಳ ಸುದ್ದಿಯಲ್ಲಿ ಮಾತ್ರ ಒಂದಕ್ಷರ ಆಚೀಚೆ ಇಲ್ಲ.

“ಆ ಹುಡುಗಿಯ ಮುಖ ನೋಡಿದ್ರೆ ಹಾಗೆ ಕಾಣುವುದಿಲ್ಲ,” ಎಂದರು ಹೆಂಡತಿ ರತ್ನಾವತಿ, ಮನೆಯಲ್ಲಿ ಪುಸ್ತಕ ತಿರುವಿ.

“ಮುಖದಲ್ಲಿ ಎಂತ ಕಾಣ್ತದೆ? ಬರೆದುಕೊಟ್ಟದ್ದನ್ನು ಓದುವುದು.”

“ನೀವು ಬರೆಯುವುದು ಯಾರು ಹೇಳಿಕೊಟ್ಟು?”

ಚೆನ್ನಪ್ಪ ಪುಸ್ತಕವನ್ನು ವಾಪಸ್ ತೆಗೆದುಕೊಂಡರು. ಅವರಿಗೆ ಆಗ ಹೆಂಡತಿಯ ಮೇಲೂ ಸ್ವಲ್ಪ ಸಂಶಯ ಬಂತು. ರತ್ನಾವತಿ ದಿನಾ ನೋಡುವ ಧಾರಾವಾಹಿಯೂ ಅದೇ ಕೇಬಲಿನಲ್ಲಿ ಬರುತ್ತಿತ್ತು.

ನೋಟ್‌ಬುಕ್ ತೊಕ್ಕೊಟ್ಟಿಗೆ ಹೋದದ್ದು ಝಕರಿಯಾ ಅವರ ಮೂಲಕ. ಝಕರಿಯಾ ಆ ಹಳೆ ಮಾರುಕಟ್ಟೆಯಲ್ಲಿ ಒಣಮೀನಿನ ಅಂಗಡಿ ಇಟ್ಟವರು, ವ್ಯಾಪಾರಿಗಳ ಸಂಘದ ಅಧ್ಯಕ್ಷರು, ಚೆನ್ನಪ್ಪ ‘ಝಕರಿಯಾಕ’ ಎಂದು ಕರೆಯುವ ಮೂವತ್ತು ವರ್ಷದ ಸ್ನೇಹಿತರು. ಎಬ್ಬಿಸಲಿರುವ ನಲವತ್ತೆರಡು ಅಂಗಡಿಗಳಲ್ಲಿ ಅವರದ್ದು ಹದಿನೇಳನೆಯದು. ಹಂಪನಕಟ್ಟೆಗೆ ಬಂದಾಗ ಅವರು ಪುಸ್ತಕವನ್ನು ನಿಂತಲ್ಲೇ ಮೊದಲಿನಿಂದ ಕೊನೆಯವರೆಗೆ ಓದಿದರು.

“ಪೇಪರಲ್ಲಿ ಬಂದ್ರೆ ಓದುವವರು ಓದ್ತಾರೆ ಚೆನ್ನಪ್ಪಣ್ಣ. ಟೀವಿಯಲ್ಲಿ ಬಂದ್ರೆ ಸರ್ಕಾರಿ ಆಫೀಸಿಗೆ ಫೋನ್ ಹೋಗ್ತದೆ. ಅದಕ್ಕೇ ಬಾರದ ಹಾಗೆ ಮಾಡಿದ್ದು. ಇದನ್ನು ನಾನು ಕೊಂಡೋಗ್ಬಹುದಾ?”

“ಕೊಂಡೋಗಿ. ನನ್ನ ಹೆಸರು ಬೇಡ.”

“ಹೆಸರಿಲ್ಲದಿದ್ದರೆ ಯಾರು ನಂಬುತ್ತಾರೆ? ಪೇಪರ್ ಚೆನ್ನಪ್ಪ ಬರೆದದ್ದು ಅಂದ್ರೆ ತೂಕ ಬೇರೆ.”

ಆ ಮಾತು ಚೆನ್ನಪ್ಪನವರಿಗೆ ಹಿತವಾಗಿ ಕೇಳಿಸಿತು. ಹೆಸರು ಹಾಕಲು ಒಪ್ಪಿದರು.

ಸಂಘದ ದೂರು ‘ತೀರ ಟೀವಿ’ಗೆ ಹೋಯಿತು, ಕೇಬಲ್ ಆಪರೇಟರುಗಳಿಗೂ ಪ್ರತಿ ಹೋಯಿತು. ರಾಜಕೀಯಕ್ಕಾಗಿ ಸುದ್ದಿ ಮುಚ್ಚಿಡುವ ಈ ನಿರೂಪಕಿಯನ್ನು ಬದಲಿಸಬೇಕು. ಇಲ್ಲದಿದ್ದರೆ ಮುಂದಿನ ಸೋಮವಾರದಿಂದ ತೊಕ್ಕೊಟ್ಟಿನ ಅಂಗಡಿಗಳ ಜಾಹೀರಾತು ನಿಲ್ಲುತ್ತದೆ, ಮನೆಗಳ ಕೇಬಲ್ ತೆಗೆಸುತ್ತೇವೆ ಎಂದಿತ್ತು. ಕೊನೆಯಲ್ಲಿ ಸಾಕ್ಷಿ ಎಂದು ಚೆನ್ನಪ್ಪನವರ ಹೆಸರು, ಅಂಗಡಿಯ ವಿಳಾಸ, ಮೊಬೈಲ್ ನಂಬರು.

ಗುರುವಾರ ಬೆಳಿಗ್ಗೆ ಅವರ ಮೊಬೈಲಿಗೆ ಗೊತ್ತಿಲ್ಲದ ನಂಬರಿನಿಂದ ಎರಡು ಸಲ ಕರೆ ಬಂತು. ಮೊದಲ ಸಲ ಎತ್ತಲಿಲ್ಲ. ಎರಡನೇ ಸಲ ಎತ್ತಿದರೆ, ಅಂಗಡಿಯಲ್ಲಿ ಇದ್ದೀರಾ ಎಂದಷ್ಟೇ ಕೇಳಿ ಇಟ್ಟರು. ಹನ್ನೊಂದು ಗಂಟೆಗೆ ಒಬ್ಬ ಯುವತಿ ಸ್ಕೂಟರ್ ನಿಲ್ಲಿಸಿ ಹೆಲ್ಮೆಟ್ ತೆಗೆದಳು. ಟೀವಿಯಲ್ಲಿ ಕಾಣುವುದಕ್ಕಿಂತ ಗಿಡ್ಡ. ಹೆಗಲಲ್ಲಿ ಭಾರದ ಬಟ್ಟೆಚೀಲ.

“ಚೆನ್ನಪ್ಪ ಅಂದ್ರೆ ನೀವೇಯಾ?”

“ಹೌದು.”

“ನನ್ನ ಕೆಲಸ ತೆಗೆಯುವವರನ್ನು ಒಮ್ಮೆ ನೋಡುವ ಅಂತ ಬಂದೆ ಅಂಕಲ್.”

ಚೆನ್ನಪ್ಪ ಎದ್ದು ನಿಂತರು. ಕೂರಲು ಸ್ಟೂಲ್ ಕೊಟ್ಟರು. ಅವಳು ಕೂರಲಿಲ್ಲ.

“ಸೋಮವಾರದ ಒಳಗೆ ಉತ್ತರ ಕೊಡ್ಬೇಕಂತೆ. ಇಲ್ಲದಿದ್ದರೆ ಪ್ರೋಗ್ರಾಮ್ ಬೇರೆಯವರಿಗೆ. ನನಗೆ ಬೇರೆ ಪ್ರೋಗ್ರಾಮ್ ಇಲ್ಲ, ಅಂದ್ರೆ ಕೆಲಸವೇ ಇಲ್ಲ. ಸರಿ, ಹೋಗಲಿ. ಆದ್ರೆ ನಾನು ಓದದೆ ಬಿಟ್ಟೆ ಅಂತ ನೀವು ಬರೆದಿದ್ದೀರಲ್ಲ, ಅದನ್ನು ನನ್ನೆದುರು ಹೇಳಿ.”

“ಮುಖಪುಟದಲ್ಲಿ ಇದ್ದದ್ದನ್ನು ನೀವು ಓದಲಿಲ್ಲ. ನಾನು ಹೇಳುವುದೆಂತ ಉಂಟು?”

“ಮುಖಪುಟದಲ್ಲಿ ಇರಲಿಲ್ಲ.”

“ನನಗೆ ಕಣ್ಣು ಕಾಣ್ತದೆ.”

“ನನಗೂ ಕಾಣ್ತದೆ.” ಅವಳು ಚೀಲದಿಂದ ಪತ್ರಿಕೆಗಳ ಕಟ್ಟು ತೆಗೆದು ಅಂಗಡಿಯ ಹಲಗೆಯ ಮೇಲೆ ಹಾಕಿದಳು. ಸ್ಟುಡಿಯೋದಲ್ಲಿ ಒಂದು ತಿಂಗಳ ಪ್ರತಿಗಳನ್ನು ಇಟ್ಟುಕೊಳ್ಳುತ್ತಾರೆ. ಅವುಗಳಲ್ಲಿ ‘ಪಡುಕಡಲ’ನ್ನಷ್ಟೇ ಹೆಕ್ಕಿ ತಂದಿದ್ದಳು. ಮೇಲಿನದ್ದು ಆ ಮಂಗಳವಾರದ್ದು. ಚೆನ್ನಪ್ಪ ಹಿಂದಿನ ಕಪಾಟಿನಿಂದ ತಮ್ಮ ಪ್ರತಿ ತಂದು ಪಕ್ಕದಲ್ಲಿ ಇಟ್ಟರು.

ಒಂದೇ ಹೆಸರು, ಒಂದೇ ತಾರೀಕು. ಅವರದ್ದರಲ್ಲಿ ತೊಕ್ಕೊಟ್ಟು. ಅವಳದ್ದರಲ್ಲಿ ಕಾಲುವೆ, ಐದು ಕಾಲಂ.

“ನೋಡಿದ್ರಾ?” ಅವಳ ದನಿ ತಗ್ಗಿತು. “ನಮಗೆ ಒಂದು ಪೇಪರ್, ನಿಮಗೆ ಒಂದು ಪೇಪರ್. ಪೇಪರಿನವರು ಟೀವಿಯವರಿಗೆ ಅಂತಲೇ ಬೇರೆ ಛಾಪಿಸಿ ಕಳಿಸ್ತಾರೆ ಅಂಕಲ್. ಅದರಲ್ಲಿ ತೊಕ್ಕೊಟ್ಟು ಇಲ್ಲದ್ದಕ್ಕೆ ನಾವು ಓದುವುದಿಲ್ಲ, ಆಮೇಲೆ ನಾವು ಪಕ್ಷಪಾತಿಗಳು ಅಂತ ಇವರೇ ಗಲಾಟೆ ಎಬ್ಬಿಸುವುದು. ಅವರ ಇ-ಪೇಪರಿನಲ್ಲಿಯೂ ತೊಕ್ಕೊಟ್ಟೇ ಉಂಟು. ಆಮೇಲೆ ಬದಲಿಸಿರ್ಬೇಕು. ಮ್ಯಾನೇಜರಿಗೆ ಹೇಳಿದ್ರೆ ನಂಬುವುದಿಲ್ಲ, ಅವರು ಕೇಬಲ್ ಎಳೆದು ಮೇಲೆ ಬಂದವರು, ಪೇಪರ್ ಮುಟ್ಟುವುದಿಲ್ಲ.”

ಚೆನ್ನಪ್ಪ ಅವಳ ಮಾತು ಕೇಳುತ್ತಿರಲಿಲ್ಲ. ಪತ್ರಿಕೆಯ ಹೆಸರಿನ ಕೆಳಗೆ, ಬೆಲೆ ಬರೆದಲ್ಲಿ ನೋಡುತ್ತಿದ್ದರು. ಅವರ ಪ್ರತಿಯಲ್ಲಿ ಬೆಲೆಯ ಪಕ್ಕ ಎರಡು ಸಣ್ಣ ನಕ್ಷತ್ರ ಇತ್ತು. ಅವಳದ್ದರಲ್ಲಿ ಒಂದು. ಕೆಳಗಿನ ಪ್ರತಿ ಎಳೆದು ನೋಡಿದರು, ಒಂದು. ಅದರ ಕೆಳಗಿನದ್ದು, ಒಂದು.

ಆ ನಕ್ಷತ್ರಗಳ ಅರ್ಥ ಹಂಪನಕಟ್ಟೆಯಲ್ಲಿ ಅವರಿಗಿಂತ ಚೆನ್ನಾಗಿ ಯಾರಿಗೂ ಗೊತ್ತಿರಲಿಲ್ಲ. ‘ಪಡುಕಡಲು’ ಮೊದಲು ಒಂದೇ ಆವೃತ್ತಿ ಛಾಪಿಸುತ್ತಿತ್ತು. ಏಪ್ರಿಲ್‌ನಿಂದ ಎರಡು ಮಾಡಿದರು. ಸುಳ್ಯ, ಸುಬ್ರಹ್ಮಣ್ಯದ ಕಡೆ ಮೊದಲ ಬಸ್ಸಿಗೆ ಹೋಗುವ ಕಟ್ಟು ನಾಲ್ಕೂಕಾಲಿಗೆ ಬರುತ್ತದೆ. ಅದರಲ್ಲಿ ರಾಜ್ಯದ ಸುದ್ದಿ ಮುಂದೆ. ಅದು ಒಂದು ನಕ್ಷತ್ರದ್ದು. ಮಂಗಳೂರು ನಗರಕ್ಕೂ ಹೊಳೆಯಾಚೆ ತೊಕ್ಕೊಟ್ಟಿನವರೆಗೂ ಹಂಚುವುದು ಐದೂಕಾಲಿಗೆ ಬರುತ್ತದೆ. ಊರಿನ ಸುದ್ದಿ ಅದರ ಮುಖಪುಟಕ್ಕೆ ಏರಿ, ರಾಜ್ಯದ ಸುದ್ದಿ ಒಳಗೆ ಹೋಗುತ್ತದೆ. ಅದಕ್ಕೆ ಎರಡು ನಕ್ಷತ್ರ.

‘ತೀರ ಟೀವಿ’ಯ ಡ್ರೈವರ್ ಬೋಜ ಬರುವುದು ನಾಲ್ಕೂಮುಕ್ಕಾಲಿಗೆ. ಹನ್ನೊಂದು ವರ್ಷದಿಂದ ಚೆನ್ನಪ್ಪ ಅವನನ್ನು ಕಾಯಿಸಿದವರಲ್ಲ. ಟೀವಿಯವರಿಗೆ ಮೊದಲ ಪ್ರತಿ ಎಂಬುದು ಅವರೇ ಮಾಡಿಕೊಂಡ ಮರ್ಯಾದೆ. ‘ಪಡುಕಡಲಿ’ನ ಬಸ್ಸಿನ ಕಟ್ಟಿನಲ್ಲಿ ಏಜೆಂಟರಿಗೆಂದು ಒಂದು ಹೆಚ್ಚುವರಿ ಪ್ರತಿ ಇರುತ್ತದೆ. ಹಗ್ಗ ಬಿಚ್ಚದೆ, ಎರಡು ಬೆರಳು ತೂರಿಸಿ ಅದನ್ನು ಎಳೆದು ಉಳಿದ ಐದರ ಜೊತೆ ಮಡಚಿ ಕೊಡುವುದು ಅವರ ಕೈಗೆ ಅಭ್ಯಾಸವಾಗಿ ಹೋಗಿತ್ತು. ಆವೃತ್ತಿ ಎರಡಾದದ್ದು ತಲೆಗೆ ಗೊತ್ತಿತ್ತು. ಕೈಗೆ ಗೊತ್ತಾಗಿರಲಿಲ್ಲ.

“ಅಂಕಲ್?”

“ಈ ಕಟ್ಟು ಎರಡು ದಿನ ನನ್ನ ಹತ್ರ ಇರಲಿ,” ಎಂದರು ಚೆನ್ನಪ್ಪ.

ನಿರೀಕ್ಷಾ ಅವರನ್ನು ನೋಡಿದಳು, ಪತ್ರಿಕೆಗಳನ್ನು ನೋಡಿದಳು. ಒಂದೊಂದನ್ನೇ ಜೋಡಿಸಿ ಚೀಲಕ್ಕೆ ತುಂಬಿಕೊಂಡಳು. “ಇಲ್ಲ. ನನ್ನ ಹತ್ರ ಇರುವುದು ಇಷ್ಟೇ.”

ಅವಳು ಹೋದ ಮೇಲೆ ಚೆನ್ನಪ್ಪ ತಮ್ಮ ಪ್ರತಿಯನ್ನು ಮತ್ತೆ ಕಪಾಟಿನಲ್ಲಿ ಇಟ್ಟರು. ಅವರು ಬಾಯಿ ಬಿಡದಿದ್ದರೆ ಯಾರಿಗೂ ಗೊತ್ತಾಗುವಂತಿರಲಿಲ್ಲ. ಅವಳು ಪತ್ರಿಕೆಯನ್ನು ದೂರುತ್ತಾಳೆ, ಪತ್ರಿಕೆ ಅವಳನ್ನು ದೂರುತ್ತದೆ, ಸೋಮವಾರ ಅವಳ ಜಾಗಕ್ಕೆ ಇನ್ನೊಬ್ಬಳು ಬರುತ್ತಾಳೆ. ಮುಂದಿನ ವಾರದಿಂದ ಎರಡು ನಕ್ಷತ್ರದ ಪ್ರತಿ ಕೊಟ್ಟರೆ ತೊಕ್ಕೊಟ್ಟಿನ ಸುದ್ದಿ ಟೀವಿಯಲ್ಲಿ ಬರುತ್ತದೆ. ನೋಡಿ, ಅವಳನ್ನು ತೆಗೆದ ಮೇಲೆ ಸರಿಯಾಯಿತು ಎಂದು ಊರೇ ಹೇಳುತ್ತದೆ. ಪೇಪರ್ ಚೆನ್ನಪ್ಪನ ತೂಕ ಇನ್ನೂ ಹೆಚ್ಚುತ್ತದೆ. ಈ ದಾರಿ ಎಷ್ಟು ಸಲೀಸಾಗಿದೆ ಎಂಬುದೇ ಅವರಿಗೆ ಹೆದರಿಕೆ ಹುಟ್ಟಿಸಿತು.

ಮನೆಯಲ್ಲಿ ರತ್ನಾವತಿಗೆ ಹೇಳಿದರು. ಅವರು ಬಸಳೆ ಸೋಸುತ್ತಿದ್ದರು, ಕೈ ನಿಲ್ಲಿಸಲಿಲ್ಲ.

“ಯಾರದ್ದು ತಪ್ಪು ಅಂತ ಇಪ್ಪತ್ತಮೂರು ದಿನ ಬರೆದಿರಿ. ನಿಮ್ಮ ಹೆಸರು ಮಾತ್ರ ಬರೆಯಲಿಲ್ಲ, ಅಲ್ವಾ?”

“ತಮಾಷೆ ಮಾಡ್ಬೇಡ. ಝಕರಿಯಾಕನಿಗೆ ನಾನು ಎಂತ ಹೇಳುವುದು?”

“ನನಗೆ ಹೇಳಿದ್ದನ್ನೇ.”

ಭಾನುವಾರ ಮಧ್ಯಾಹ್ನ ಚೆನ್ನಪ್ಪ ಸೇತುವೆ ದಾಟಿ ತೊಕ್ಕೊಟ್ಟಿಗೆ ಹೋದರು. ಸಂಘದ ಸಭೆ ಝಕರಿಯಾ ಅವರ ಅಂಗಡಿಯ ಹಿಂದಿನ ಗೋದಾಮಿನಲ್ಲಿ. ಒಣಮೀನಿನ ಮೂಟೆಗಳ ನಡುವೆ ಪ್ಲಾಸ್ಟಿಕ್ ಕುರ್ಚಿ ಹಾಕಿ ಇಪ್ಪತ್ತು ಮಂದಿ ಕೂತಿದ್ದರು. ಮರುದಿನ ಕೇಬಲ್ ತೆಗೆಸುವ ಮನೆಗಳ ಪಟ್ಟಿ ಆಗುತ್ತಿತ್ತು. ಚೆನ್ನಪ್ಪ ಎರಡು ಆವೃತ್ತಿಯ ಒಂದೊಂದು ಪ್ರತಿಯನ್ನು ಮೊಣಕಾಲಿನ ಮೇಲೆ ಇಟ್ಟುಕೊಂಡು, ನಕ್ಷತ್ರ ತೋರಿಸಿ, ಬಸ್ಸಿನ ಕಟ್ಟು, ಬೋಜ, ಎರಡು ಬೆರಳು, ಎಲ್ಲವನ್ನೂ ಹೇಳಿದರು.

ಮೊದಲು ಬಾಯಿ ತೆರೆದವನು ಅದ್ದು. ಮಾರುಕಟ್ಟೆಯ ಮೂಲೆಯಲ್ಲಿ ಪಾತ್ರೆ ಅಂಗಡಿ ಇಟ್ಟವನು, ಗಟ್ಟಿ ಸ್ವರ.

“ಇಷ್ಟು ದಿನ ಆಗದ್ದು ಇವತ್ತು ಹೇಗೆ ನೆನಪಾಯಿತು ಅಣ್ಣ? ಸೋಮವಾರದ ಹಿಂದಿನ ದಿನವೇ?”

“ಗುರುವಾರ ಗೊತ್ತಾಯಿತು.”

“ಗುರುವಾರ ಗೊತ್ತಾದದ್ದನ್ನು ಭಾನುವಾರ ಹೇಳುವುದಾ? ನಡುವೆ ಯಾರು ಬಂದಿದ್ರು?”

“ಯಾರೂ ಬರಲಿಲ್ಲ. ಹೇಳಲು ನಾಚಿಕೆ ಆಯಿತು.”

“ಯಾರೂ ಫೋನೂ ಮಾಡಲಿಲ್ಲ?”

ಚೆನ್ನಪ್ಪನವರಿಗೆ ಕೋಪ ಬಂತು. ಅಂಗಿಯ ಜೇಬಿನಿಂದ ಮೊಬೈಲ್ ತೆಗೆದು ಚಾಚಿದರು. “ನೋಡು. ಬೇಕಾದ್ರೆ ನೋಡು.”

ಅದ್ದು ನೋಡುತ್ತಾನೆ ಎಂದು ಅವರು ಎಣಿಸಿರಲಿಲ್ಲ. ಅವನು ತೆಗೆದುಕೊಂಡ, ಕನ್ನಡಕ ಏರಿಸಿದ, ಹೆಬ್ಬೆರಳಿನಿಂದ ಮೇಲೆ ಸರಿಸುತ್ತ ಹೋದ. “ಗುರುವಾರ ಹತ್ತೂವರೆಗೆ ಒಂದು ನಂಬರು, ಎರಡು ಸಲ. ಹೆಸರಿಲ್ಲ. ಇದು ಯಾರು?”

“ಆ ಟೀವಿಯ ಹುಡುಗಿ. ಪೇಪರ್ ತೋರಿಸಲಿಕ್ಕೆ ಬಂದದ್ದು.”

“ಈಗ ಯಾರೂ ಬರಲಿಲ್ಲ ಅಂದ್ರಿ!”

ಗೋದಾಮು ಒಮ್ಮೆಲೇ ಗದ್ದಲವಾಯಿತು. ಕುರ್ಚಿ ಹಿಂದೆ ಸರಿದ ಸದ್ದು. ಹೊಸ ಪಾಲುದಾರರ ಹೆಸರನ್ನು ಯಾರೋ ಹೇಳಿದರು. ಒಂದು ನಕ್ಷತ್ರದ ಪೇಪರನ್ನು ಈಗ ಎಲ್ಲಿ ಬೇಕಾದರೂ ಛಾಪಿಸಬಹುದು ಎಂದು ಇನ್ನೊಬ್ಬರು. ಚೆನ್ನಪ್ಪ ತಾವು ಹೇಳಿದ ಮಾತನ್ನು ನೆನಪಿಸಿಕೊಂಡರು. ಅವರ ಮನಸ್ಸಿನಲ್ಲಿ ‘ಯಾರೂ’ ಎಂದರೆ ಪಕ್ಷದವರು, ದುಡ್ಡಿನವರು. ಆ ಹುಡುಗಿ ಆ ಲೆಕ್ಕದಲ್ಲಿ ಬಂದಿರಲೇ ಇಲ್ಲ. ಇದನ್ನು ಈಗ ವಿವರಿಸಿದರೆ ಇನ್ನೂ ಕೆಡುತ್ತದೆ ಎಂದುಕೊಂಡು ಮೊಬೈಲನ್ನು ವಾಪಸ್ ತೆಗೆದುಕೊಂಡರು.

ಝಕರಿಯಾ ಎದ್ದು ಕೈ ಎತ್ತಿದರು. ಗದ್ದಲ ತಗ್ಗುವವರೆಗೆ ಕಾದು, ಚೆನ್ನಪ್ಪನವರನ್ನು ನೇರವಾಗಿ ಕೇಳಿದರು.

“ಚೆನ್ನಪ್ಪಣ್ಣ, ನೀವು ಇದನ್ನು ಬರೆದು ಕೊಡ್ತೀರಾ? ನಿಮ್ಮ ತಪ್ಪು ಅಂತ? ಟೀವಿಯವರಿಗೂ, ನಮಗೂ?”

“ಕೊಡ್ತೇನೆ.”

“ಊರಿಡೀ ಗೊತ್ತಾಗ್ತದೆ.”

“ಆಗಲಿ.”

“ದುಡ್ಡು ತಿಂದವನು ತನ್ನ ಮುಖಕ್ಕೇ ಮಸಿ ಬಳಿದುಕೊಂಡು ಬರೆದು ಕೊಡುವುದಿಲ್ಲ,” ಎಂದು ಝಕರಿಯಾ ಸಭೆಗೆ ಹೇಳಿದರು.

“ಜಾಸ್ತಿ ಸಿಕ್ಕಿದ್ರೆ ಕೊಡ್ತಾನೆ,” ಎಂದ ಅದ್ದು. ಕೆಲವರು ನಕ್ಕರು.

ಝಕರಿಯಾ ನಗಲಿಲ್ಲ. “ಹತ್ತು ದಿನ ನೋಡುವ. ನಾಳೆಯಿಂದ ಸರಿಯಾದ ಪೇಪರ್ ಅವಳ ಕೈಗೆ ಸೇರಬೇಕು. ಸೇರಿಯೂ ಓದದಿದ್ದರೆ ಕೇಬಲ್ ತೆಗೆಯುವ. ಅವಳ ವಿಷಯ ಅಲ್ಲಿವರೆಗೆ ಬೇಡ.” ಆಮೇಲೆ ಬಾಗಿಲವರೆಗೆ ಬಂದು ಮೆಲ್ಲನೆ ಕೇಳಿದರು, “ನಿಜವಾಗಿಯೂ ಕೈ ತಪ್ಪಿದ್ದು ಅಲ್ವಾ?”

“ಝಕರಿಯಾಕ, ನೀವೂ ಕೇಳುವುದಾ?”

“ನನ್ನ ಅಂಗಡಿ ಹೋಗ್ತಾ ಉಂಟು. ಕೇಳದೆ ಹೇಗೆ?”

ಚೆನ್ನಪ್ಪ ಒಂದೇ ಕಾಗದವನ್ನು ಎರಡು ಪ್ರತಿ ಬರೆದರು. ಸೋಮವಾರ ಹತ್ತಕ್ಕೆ ‘ತೀರ ಟೀವಿ’ಯ ಮ್ಯಾನೇಜರಿಗೆ ಕೊಟ್ಟರು. ಮ್ಯಾನೇಜರ್ ಓದಿ, ಮಡಚಿ, “ಅಂದ್ರೆ ನಮ್ಮ ತಪ್ಪು ಎಂತದ್ದೂ ಇಲ್ಲ, ಹೌದಾ?” ಎಂದು ಎರಡು ಸಲ ಕೇಳಿದರು. ನಿರೀಕ್ಷಾಳ ಕೆಲಸ ಉಳಿಯಿತು. ಮರುದಿನದ ಕಾರ್ಯಕ್ರಮದಲ್ಲಿ ಅವಳು ಆ ಕಾಗದವನ್ನು ಪೂರ್ತಿಯಾಗಿ, ಚೆನ್ನಪ್ಪನವರ ಹೆಸರಿನ ಸಮೇತ ಓದಿದಳು. ಅದಕ್ಕೆ ನಾಲ್ಕು ನಿಮಿಷ ಕೊಟ್ಟರು. ಹೋಟೆಲಿನಲ್ಲಿ ಎಲ್ಲರೂ ಟೀವಿ ನೋಡಿ, ಮತ್ತೆ ಗೋಡೆಗೆ ಒರಗಿದ್ದ ಅವರನ್ನು ನೋಡಿದರು. ಆ ವಾರ ಎಂಟು ಮನೆಯವರು ಬೇರೆ ಏಜೆಂಟರಿಗೆ ಹೋದರು.

ಬೋಜ ಐದೂಕಾಲಿನವರೆಗೆ ಕಾಯುವಂತಿಲ್ಲ; ಆ ಹೊತ್ತಿಗೆ ಅವನು ತಂತ್ರಜ್ಞರನ್ನು ಮನೆಗಳಿಂದ ಕರೆತರಬೇಕು. ಹಾಗಾಗಿ ಎರಡು ನಕ್ಷತ್ರದ ಒಂದು ಪ್ರತಿಯನ್ನು ಚೆನ್ನಪ್ಪ ತಾವೇ ಕೊಂಡುಹೋಗತೊಡಗಿದರು. ಸ್ಟುಡಿಯೋ ಇರುವುದು ಏರಿನ ಮೇಲೆ ಮೂರನೇ ಮಹಡಿಯಲ್ಲಿ, ಲಿಫ್ಟ್ ಆರಕ್ಕೆ ಮೊದಲು ಓಡುವುದಿಲ್ಲ. ಐದೂಮುಕ್ಕಾಲಿಗೆ ಏದುಸಿರು ಬಿಡುತ್ತ ಮೇಲೆ ಹೋಗಿ, ಪ್ರತಿಯನ್ನು ನಿರೀಕ್ಷಾಳ ಕೈಗೇ ಕೊಡುತ್ತಾರೆ. ಮೇಜಿನ ಮೇಲೆ ಇಟ್ಟು ಬರುವುದಿಲ್ಲ.

ಮೂರನೇ ದಿನ ತೊಕ್ಕೊಟ್ಟಿನ ಸುದ್ದಿ ಮುಖಪುಟದಲ್ಲಿ ಬಂತು. ಅವಳು ಓದಿದಳು. ಏಳು ಗಂಟೆ ಇಪ್ಪತ್ತೇಳು ನಿಮಿಷಕ್ಕೆ, ಆಭರಣದಂಗಡಿಯ ಜಾಹೀರಾತಿನ ನಂತರ, ತಲೆಬರಹ ಮಾತ್ರ. ಮುಖಂಡರ ಭಾವನ ಹೆಸರು ಕೆಂಪು ಪಟ್ಟಿಯಲ್ಲಿ ಬರಲಿಲ್ಲ. ಆರನೇ ದಿನ ಮತ್ತೆ ಮುಖಪುಟದಲ್ಲಿ ಬಂತು. ಅಂದು ಓದಲೇ ಇಲ್ಲ.

ಏಳನೇ ದಿನ ಬೆಳಿಗ್ಗೆ ಚೆನ್ನಪ್ಪ ಪತ್ರಿಕೆಯನ್ನು ಕೊಡದೆ ಕೈಯಲ್ಲೇ ಹಿಡಿದು ನಿಂತರು.

“ನಿನ್ನೆ ಎಂತ ಆಯಿತು?”

“ಟೈಮ್ ಸಾಕಾಗಲಿಲ್ಲ ಅಂಕಲ್. ಕೊನೆಯ ಎರಡು ಪೇಪರ್ ಬಿಟ್ಟೆ, ನೋಡಿದ್ರಲ್ಲ?”

“ನೋಡಿದೆ. ಬಿಟ್ಟದ್ದರಲ್ಲಿ ಇದೂ ಒಂದು.”

“ಕ್ರಮದಲ್ಲಿ ಅದು ಐದನೆಯದ್ದು. ಯಾವಾಗಲೂ ಐದನೆಯದ್ದೇ.”

“ಕ್ರಮ ಯಾರು ಮಾಡುವುದು?”

ಅವಳು ಒಳಗೆ, ಮ್ಯಾನೇಜರರ ಕೋಣೆಯ ಮುಚ್ಚಿದ ಬಾಗಿಲ ಕಡೆ ನೋಡಿದಳೋ, ಅದರ ಪಕ್ಕದ ಗಡಿಯಾರವನ್ನು ನೋಡಿದಳೋ, ಅವರಿಗೆ ತಿಳಿಯಲಿಲ್ಲ. “ಅಂಕಲ್, ನಿಮ್ಮ ಕಾಗದದಿಂದ ನನ್ನ ಕೆಲಸ ಉಳಿಯಿತು. ಅದಕ್ಕೆ ಥ್ಯಾಂಕ್ಸ್. ಆದ್ರೆ ದಿನಾ ಹೀಗೆ ಪೊಲೀಸಿನ ಹಾಗೆ ಬಂದು ಕೇಳಿದ್ರೆ ಹೇಗೆ?”

“ಹತ್ತು ದಿನ ಆಗಲಿಕ್ಕೆ ಇನ್ನು ಮೂರು ಉಂಟು. ತೊಕ್ಕೊಟ್ಟಿನವರು ನನ್ನ ಹತ್ರವೇ ಕೇಳುವುದು.”

“ಏನಂತ ಹೇಳ್ತೀರಿ?”

ಚೆನ್ನಪ್ಪ ಯೋಚಿಸಿದರು. ಅವಳ ಮುಖದಲ್ಲಿ ಏನೂ ಕಾಣಲಿಲ್ಲ. ಇಪ್ಪತ್ತಮೂರು ದಿನ ಅವರು ಖಾತ್ರಿಯಾಗಿ ಬರೆದದ್ದು ತಪ್ಪಾಗಿತ್ತು. ಈಗ ತಪ್ಪಿಲ್ಲದ ಪ್ರತಿಯನ್ನು ತಮ್ಮ ಕೈಯಿಂದಲೇ ಕೊಡುತ್ತಿದ್ದರೂ ಒಂದು ಸಾಲು ಕೂಡ ಖಾತ್ರಿಯಾಗಿ ಬರೆಯಲು ಆಗುವಂತಿರಲಿಲ್ಲ.

“ಪೇಪರ್ ಕೊಟ್ಟಿದ್ದೇನೆ ಅಂತ ಹೇಳ್ತೇನೆ,” ಎಂದು ಪತ್ರಿಕೆಯನ್ನು ಅವಳಿಗೆ ಕೊಟ್ಟರು. ಅವಳು ನಿಂತಲ್ಲೇ ಬಿಡಿಸಿ, ಮೊದಲು ಬೆಲೆಯ ಪಕ್ಕದ ನಕ್ಷತ್ರಗಳನ್ನು ಎಣಿಸಿ, ಆಮೇಲೆ ಒಳಗೆ ಹೋದಳು.